ಬೆಟ್ಟದ ಹೊಳೆಯೂ ಬಂಡೆಯ ಮೇಲಣ ಮನೆಯೂ

ಪಾಠ: ಮತ್ತಾಯ 7ನೆಯ ಅಧ್ಯಾಯ 24ರಿಂದ 27; ಲೂಕ 13ನೆಯ ಅಧ್ಯಾಯ 1ರಿಂದ 5.



ಮುಂಗಾರು ಮಳೆಯು ಘಟ್ಟವನ್ನು ಹತ್ತುವ ಕಾಲವು ಬಂತೆಂದರೆ, ನಮ್ಮ ಬೆಟ್ಟದ ಸಭೆಗಳವರ ಮನಸ್ಸಿನಲ್ಲಿ ಎರಡು ವಿಧವಾದ ಯೋಚನೆಗಳು ಹುಟ್ಟುತ್ತವೆ. ಒಂದು ಕಡೆಯಲ್ಲಿ ಸಂತೋಷವುಂಟು. ಯಾಕಂದರೆ ಮಳೆಯಿಲ್ಲದಿದ್ದರೆ ಗದ್ದೆಯಲ್ಲಿ ನಾಟಿಯಿಲ್ಲ, ಮೆಣಸಿನ ಬಳ್ಳಿಯು ಕಾಯಿ ಕಚ್ಚುವುದಿಲ್ಲ, ಬಾವಿಯಲ್ಲಿ ನೀರಿಲ್ಲ, ಕೂಲಿಯವನಿಗೆ ಕೂಲಿಯೂ ಇಲ್ಲ. ಇನ್ನೊಂದು ಕಡೆಯಲ್ಲಿ ಭಯವುಂಟು. ಯಾಕಂದರೆ ಅದೇ ಮಳೆಯು ಎಡೆಬಿಡದೆ ಸುರಿಯುವಾಗ ಮನೆಯ ಹಿಂದಣ ಬರೆ ಜರಿಯುವುದೋ, ತೋಡಿನ ನೀರು ರಾತ್ರಿಯಲ್ಲಿ ಅಂಗಳಕ್ಕೆ ಏರುವುದೋ ಎಂದು ತಾಯಂದಿರು ಮಕ್ಕಳನ್ನು ಮಗ್ಗುಲಲ್ಲಿಟ್ಟುಕೊಂಡು ಕಿವಿಗೊಟ್ಟು ಮಲಗುತ್ತಾರೆ. ಇಂಥ ರಾತ್ರಿಗಳಲ್ಲಿ ಕ್ರಿಸ್ತನ ಜನರು ಹೇಗೆ ನಂಬಬೇಕು, ಹೇಗೆ ಮಾತಾಡಬೇಕು, ಏನು ಮಾಡಬೇಕು ಎಂಬದನ್ನು ಈ ದಿನ ದೇವರ ವಾಕ್ಯದ ಬೆಳಕಿನಲ್ಲಿ ವಿಚಾರಿಸೋಣ.

ಮೊದಲು ಈ ಮಳೆಯ ಸಂಗತಿಯನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಪಡುವಣ ಸಮುದ್ರದ ಮೇಲೆ ಬೀಸಿ ನೀರಿನ ಆವಿಯನ್ನು ಹೊತ್ತು ಬರುವ ಗಾಳಿಗೆ ನಮ್ಮ ಘಟ್ಟಗಳು ಗೋಡೆಯಂತೆ ಅಡ್ಡವಾಗಿ ನಿಂತಿವೆ. ಗಾಳಿಯು ಮೇಲಕ್ಕೆ ಏರಲೇಬೇಕು. ಏರಿದ ಹಾಗೆ ತಣ್ಣಗಾಗಿ ತನ್ನ ಹೊರೆಯನ್ನು ಅಲ್ಲಿಯೇ ಇಳಿಸುತ್ತದೆ. ಆದ್ದರಿಂದ ಆಗುಂಬೆಯಲ್ಲಿ ವರ್ಷವೊಂದಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವಾಗ, ಘಟ್ಟದ ಮೂಡಲಲ್ಲಿರುವ ಚಿತ್ರದುರ್ಗದ ಕಡೆಯಲ್ಲಿ 600ರ ಸುಮಾರು ಮಾತ್ರ ಬೀಳುತ್ತದೆ. ಬಯಲಿನ ನದಿಯು ದಿನಗಳ ಕಾಲ ಮೆಲ್ಲಗೆ ಏರುವುದು. ನೋಡುವವನಿಗೆ ಗಂಟು ಕಟ್ಟಿಕೊಂಡು ಹೊರಡಲು ಸಮಯವಿರುವುದು. ಬೆಟ್ಟದ ಹೊಳೆಯು ಹಾಗಲ್ಲ. ಮೇಲೆ ನೆತ್ತಿಯಲ್ಲಿ ಬಿದ್ದ ನೀರು ಕಡಿದಾದ ಕೊಲ್ಲಿಗಳಿಂದ ಒಂದೇ ಕಡೆಗೆ ಧುಮುಕುವುದರಿಂದ, ಮೊಣಕಾಲಷ್ಟಿದ್ದ ತೋಡು ಒಂದು ಗಳಿಗೆಯೊಳಗೆ ಆಳೆತ್ತರವಾಗಬಲ್ಲದು. ಹವಾಮಾನ ಇಲಾಖೆಯವರು ಇಪ್ಪತ್ತು ಮೂವತ್ತು ಚದರ ಕಿಲೋಮೀಟರಿನಷ್ಟು ನೆಲದ ಮೇಲೆ ಒಂದು ಗಂಟೆಯಲ್ಲಿ 100 ಮಿಲಿಮೀಟರ್ ಮಳೆ ಬಿದ್ದರೆ ಅದನ್ನು ಮೇಘಸ್ಫೋಟವೆಂದು ಕರೆಯುತ್ತಾರೆ. ಆದರೆ ಅಂಥ ಸ್ಫೋಟವಿಲ್ಲದೆಯೂ ಅಪಾಯವುಂಟು. ದಿನಗಟ್ಟಲೆ ಮಳೆ ಹಿಡಿದುಕೊಂಡರೆ ಬಂಡೆಯ ಮೇಲಿರುವ ದಪ್ಪವಾದ ಮಣ್ಣು ನೀರು ಕುಡಿದು ಕುಡಿದು ಭಾರವಾಗುತ್ತದೆ; ಮಣ್ಣಿನ ಕಣಕಣಗಳು ಒಂದನ್ನೊಂದು ಹಿಡಿದುಕೊಳ್ಳುವ ಶಕ್ತಿಯನ್ನು ಕಳಕೊಳ್ಳುತ್ತವೆ; ಆಮೇಲೆ ಗುಡ್ಡವೇ ಜಾರುತ್ತದೆ. ಜಾರಿದ ಮಣ್ಣು ಹೊಳೆಗೆ ಅಡ್ಡ ಬಿದ್ದು ಕಟ್ಟೆಯಾಗಿ, ಆ ಕಟ್ಟೆಯು ಒಡೆದರೆ, ನೀರೂ ಕೆಸರೂ ಬಂಡೆಗಳೂ ಮರಗಳೂ ಕೂಡಿ ಕೆಳಗಿನವರ ಮೇಲೆ ಬೀಳುತ್ತವೆ.

ಇದು ದೂರದ ಕಥೆಯಲ್ಲ. 2018ನೆಯ ಇಸವಿಯ ಆಗಸ್ಟ್ ತಿಂಗಳ ನಡುವಿನಲ್ಲಿ ಕೊಡಗಿನ ಮಕ್ಕಂದೂರು, ಮುಕ್ಕೋಡ್ಲು, ಹೆಮ್ಮೆತ್ತಾಳು, ಕಾಲೂರು, ಜೋಡುಪಾಲ ಮೊದಲಾದ ಕಡೆಗಳಲ್ಲಿ ಗುಡ್ಡಗಳು ಜರಿದು ಮನೆಗಳೂ ತೋಟಗಳೂ ಗದ್ದೆಗಳೂ ಮಣ್ಣಿನ ಕೆಳಗಾದವು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿಯು ಕಡಿದುಹೋಯಿತು. ಸಾವಿರಾರು ಜನರು ಮನೆ ಬಿಟ್ಟು ಪರಿಹಾರ ಕೇಂದ್ರಗಳಲ್ಲಿ ಮಲಗಿದರು. 2024ನೆಯ ಇಸವಿಯ ಜುಲೈ 30ರಂದು ನೆರೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಎಂಬ ಊರುಗಳ ಮೇಲೆ, ನಡುರಾತ್ರಿ ಕಳೆದು ಬೆಳಗಾಗುವ ಮುಂಚೆ, ಬೆಟ್ಟವು ಇಳಿದು ಬಂದಾಗ 200ಕ್ಕಿಂತ ಹೆಚ್ಚು ಮಂದಿ ಸತ್ತರು. ಅವರಲ್ಲಿ ಹಲವರ ಶರೀರಗಳು ಎಷ್ಟೋ ಕೆಳಗೆ ನಿಲಂಬೂರಿನ ಕಡೆಯಲ್ಲಿ ಚಾಲಿಯಾರ್ ಹೊಳೆಯಲ್ಲಿ ದೊರೆತವು. ತೇಯಿಲೆ ತೋಟದ ಲೈನ್‌ಮನೆಗಳಲ್ಲಿ ನಮ್ಮ ಹಾಗೆಯೇ ಕೂಲಿಗೆ ಹೋಗಿ ಬಂದು, ಅನ್ನ ಉಂಡು, ಮಲಗಿದ್ದವರು ಅವರು.

ಪ್ರಿಯರೇ, ಇನ್ನು ನನ್ನ ಒಂದು ತಪ್ಪನ್ನು ನಿಮ್ಮ ಮುಂದೆ ಅರಿಕೆ ಮಾಡಬೇಕಾಗಿದೆ. ನಾನು ಸೇವೆ ಮಾಡಿದ ಒಂದು ಬೆಟ್ಟದ ಸಭೆಯಲ್ಲಿ ಮಳೆಗಾಲದ ಆರಂಭದ ಒಂದು ಭಾನುವಾರದಲ್ಲಿ ಮತ್ತಾಯನ ಏಳನೆಯ ಅಧ್ಯಾಯವನ್ನು ತೆಗೆದುಕೊಂಡು, ಬಂಡೆಯ ಮೇಲೆ ಮನೆ ಕಟ್ಟಿದವನನ್ನು ಕುರಿತು ಪ್ರಸಂಗ ಮಾಡಿದೆನು. ಕ್ರಿಸ್ತನನ್ನು ನಂಬಿದವನ ಮನೆಯನ್ನು ಯಾವ ಪ್ರವಾಹವೂ ಮುಟ್ಟಲಾರದೆಂದು ಆವೇಶದಿಂದ ಹೇಳಿದೆನು; ಜನರು ಮೆಚ್ಚಿದರು; ನಾನೂ ಮೆಚ್ಚಿಕೊಂಡೆನು. ಕೆಲವು ವಾರಗಳಾದ ಮೇಲೆ ಮಳೆಯು ಐದು ದಿವಸ ಬಿಡದೆ ಸುರಿಯಿತು. ಆ ಸಭೆಯ ಒಬ್ಬ ವೃದ್ಧ ವಿಧವೆಯ ಮನೆಯು, ಬುಡ ಕಡಿದ ಒಂದು ಬರೆಯ ಕೆಳಗೆ ಇತ್ತು. ಮನೆಯ ಹಿಂದೆ ನೆಲವು ಬಿರಿದಿದೆಯೆಂದು ಕೇಳಿ ನಾನು ಸಾಯಂಕಾಲದಲ್ಲಿ ಹೋಗಿ, "ಅಜ್ಜಿ, ಈ ರಾತ್ರಿ ಶಾಲೆಯ ಕಟ್ಟಡಕ್ಕೆ ಬನ್ನಿ, ಅಲ್ಲಿ ಬೇರೆಯವರೂ ಇದ್ದಾರೆ" ಎಂದು ಕರೆದೆನು. ಆಕೆ ಒಲೆಯ ಮುಂದೆ ಕೂತುಕೊಂಡೇ, "ಯಾಕೆ ಉಪದೇಶಿಗಳೇ? ನಂಬಿದವನ ಮನೆ ಬೀಳುವುದಿಲ್ಲವೆಂದು ನೀವೇ ಹೇಳಿದಿರಲ್ಲ. ಈಗ ನಾನು ಓಡಿಹೋದರೆ ಊರವರು ನನ್ನ ದೇವರನ್ನು ನೋಡಿ ನಗುವುದಿಲ್ಲವೋ?" ಎಂದಳು.

ನನಗೆ ಉತ್ತರ ಬರಲಿಲ್ಲ. ನನ್ನ ಮಾತು ತಪ್ಪಾಗಿತ್ತೆಂದು ಆಗಲೇ ಒಪ್ಪಿಕೊಂಡು ಆಕೆಯನ್ನು ಕೈ ಹಿಡಿದು ಎಬ್ಬಿಸಬೇಕಾಗಿತ್ತು. ಆದರೆ ಪ್ರಸಂಗಿಯ ಮಾನವು ನನ್ನನ್ನು ತಡೆಯಿತು. ನಾನು ಒಂದು ಪ್ರಾರ್ಥನೆ ಮಾಡಿ ಮನೆಗೆ ಬಂದುಬಿಟ್ಟೆನು. ಆ ರಾತ್ರಿ ನೆರೆಯ ಇಬ್ಬರು ಹುಡುಗರು, ನಮ್ಮ ಸಭೆಗೆ ಸೇರದವರು, ಗುಡ್ಡದೊಳಗೆ ಗುಡುಗಿದಂಥ ಸದ್ದನ್ನು ಕೇಳಿ ಎದ್ದು ಬಂದು, ಅಜ್ಜಿಯು ಬೇಡವೆಂದು ಕೂಗಿದರೂ ಕೇಳದೆ, ಆಕೆಯನ್ನು ಕಂಬಳಿಯಲ್ಲಿ ಸುತ್ತಿ ಹೊತ್ತುಕೊಂಡು ಹೋದರು. ಬೆಳಿಗ್ಗೆ ನೋಡಿದರೆ ಆ ಮನೆಯಿದ್ದ ಸ್ಥಳದಲ್ಲಿ ಕೆಂಪು ಮಣ್ಣಿನ ದಿಬ್ಬವಲ್ಲದೆ ಬೇರೆ ಏನೂ ಇರಲಿಲ್ಲ. ಆಕೆಯ ಹಸುವು ಕೊಟ್ಟಿಗೆಯೊಂದಿಗೆ ಹೋಯಿತು. ಶಾಲೆಯ ಜಗಲಿಯಲ್ಲಿ ಕೂತಿದ್ದ ಅಜ್ಜಿಯು ನನ್ನನ್ನು ನೋಡಿ, ನಿಂದಿಸದೆ, "ಕರ್ತನು ನನ್ನನ್ನು ಕಾದನು ಉಪದೇಶಿಗಳೇ, ಆ ಹುಡುಗರ ಕೈಯಿಂದ ಕಾದನು" ಎಂದಳು. ನಾನು ಆಕೆಯ ಪಾದದ ಬಳಿಯಲ್ಲಿ ಕೂತು ಕ್ಷಮೆ ಬೇಡಿಕೊಂಡೆನು. ಮುಂದಿನ ಭಾನುವಾರದಲ್ಲಿ ಸಭೆಯ ಮುಂದೆಯೂ ಬೇಡಿಕೊಂಡೆನು. ಅಂದಿನಿಂದ ಆ ಪಾಠವನ್ನು ಹೊಸದಾಗಿ ಓದಲು ಕಲಿತೆನು. ಕಲಿತದ್ದನ್ನು ಮೂರು ಭಾಗಗಳಾಗಿ ಹೇಳುತ್ತೇನೆ.

ಮೊದಲನೆಯದು: ಬಂಡೆಯ ಮೇಲೆ ಕಟ್ಟಿದವನಿಗೂ ಮಳೆ ಬಂತು.

ನಮ್ಮ ಕರ್ತನ ಸಾಮ್ಯವನ್ನು ಚೆನ್ನಾಗಿ ನೋಡಿರಿ. ಇಬ್ಬರು ಮನುಷ್ಯರು, ಎರಡು ಮನೆಗಳು. ಆದರೆ ಮಳೆಯು ಒಂದೇ, ಪ್ರವಾಹವು ಒಂದೇ, ಗಾಳಿಯು ಒಂದೇ. ಬುದ್ಧಿವಂತನ ಮನೆಯ ಮೇಲೆ ಮೋಡವು ಕರಗಿಹೋಯಿತೆಂದು ಕರ್ತನು ಹೇಳಲಿಲ್ಲ. ಯೂದಾಯದ ಬೆಟ್ಟಸೀಮೆಯಲ್ಲಿ ಬೇಸಗೆಯಲ್ಲಿ ಒಣಗಿಹೋಗಿ ಚಳಿಗಾಲದ ಮಳೆಗೆ ಹಠಾತ್ತಾಗಿ ತುಂಬಿ ಹರಿಯುವ ಹಳ್ಳಗಳು ಬಹಳ ಉಂಟು. ಬೇಸಗೆಯಲ್ಲಿ ಅಂಥ ಹಳ್ಳದ ಮರಳು ಸಮತಟ್ಟಾಗಿಯೂ ಅಗೆಯಲು ಸುಲಭವಾಗಿಯೂ ಇರುವುದು. ಅಲ್ಲಿ ಮನೆ ಕಟ್ಟುವವನು ಬೇಸಗೆಯನ್ನು ಮಾತ್ರ ನೋಡಿ ಕಟ್ಟುತ್ತಾನೆ. ಯೋಬನು ತನ್ನ ಸ್ನೇಹಿತರನ್ನು ಇಂಥ ಹಳ್ಳಕ್ಕೇ ಹೋಲಿಸಿದನು. ದೆಬೋರಳ ಹಾಡಿನಲ್ಲಿ ಸೀಸೆರನ ದಂಡನ್ನು ಬಡಕೊಂಡು ಹೋದದ್ದು ಕೀಷೋನ್ ಹಳ್ಳವೇ. ಆದ್ದರಿಂದ ಕರ್ತನ ಮಾತನ್ನು ಕೇಳಿದ ಜನರಿಗೆ ಹಠಾತ್ತಾದ ಪ್ರವಾಹವು ಏನೆಂಬದನ್ನು ವಿವರಿಸುವ ಅಗತ್ಯವಿರಲಿಲ್ಲ. ಅವರೂ ನಮ್ಮಂತೆ ಬೆಟ್ಟದ ಜನರು.

ಲೂಕನು ಇನ್ನೊಂದು ಮಾತನ್ನು ಕೂಡಿಸುತ್ತಾನೆ: ಆ ಬುದ್ಧಿವಂತನು ಆಳವಾಗಿ ಅಗೆದು ಅಸ್ತಿವಾರ ಹಾಕಿದನು. ಅಂದರೆ ಅವನು ಸ್ಥಳವನ್ನು ನೋಡಿದನು, ನೀರಿನ ದಾರಿಯನ್ನು ನೋಡಿದನು, ಬೆವರು ಸುರಿಸಿದನು. ಕರ್ತನು ಆ ಸಾಮ್ಯವನ್ನು ಯಾರಿಗೆ ಹೋಲಿಸಿದನು? ತನ್ನ ಮಾತನ್ನು ಕೇಳಿದವನಿಗೆ ಮಾತ್ರವಲ್ಲ, ಕೇಳಿ ಅದರಂತೆ ನಡೆಯುವವನಿಗೆ. ಹಾಗಾದರೆ ಬಿರಿದ ಬರೆಯ ಕೆಳಗೆ ಕೂತು "ದೇವರು ಕಾಯುತ್ತಾನೆ" ಎನ್ನುವದು ಬಂಡೆಯ ಮೇಲೆ ಕಟ್ಟುವುದಲ್ಲ. ಸೈತಾನನು ಕರ್ತನನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಕೆಳಗೆ ಧುಮುಕು, ದೂತರು ಹಿಡಿದುಕೊಳ್ಳುವರೆಂದು ಶಾಸ್ತ್ರವನ್ನೇ ಎತ್ತಿ ತೋರಿಸಿದಾಗ, ದೇವರನ್ನು ಪರೀಕ್ಷಿಸಬಾರದೆಂದು ಕರ್ತನು ಉತ್ತರ ಕೊಟ್ಟನು. ದೇವಕುಮಾರನೇ ಧುಮುಕದಿದ್ದ ಮೇಲೆ ನಾವು ಯಾಕೆ ಅಪಾಯದಲ್ಲಿ ಕೂತುಕೊಂಡು ಅದನ್ನು ನಂಬಿಕೆಯೆಂದು ಕರೆಯಬೇಕು? ನೋಹನು ನಂಬಿದವನಾದ್ದರಿಂದಲೇ ನಾವೆಯನ್ನು ಕಟ್ಟಿದನು. ಯೋಸೇಫನು ನಂಬಿದವನಾದ್ದರಿಂದಲೇ ಶಿಶುವನ್ನೂ ತಾಯಿಯನ್ನೂ ಕರಕೊಂಡು ರಾತ್ರಿಯಲ್ಲಿಯೇ ಐಗುಪ್ತಕ್ಕೆ ಹೊರಟನು. ಮನೆ ಬಿಟ್ಟು ಹೊರಡುವದು ಅಪನಂಬಿಕೆಯಲ್ಲ.

ಎರಡನೆಯದು: ಸತ್ತವರನ್ನು ತೀರ್ಪು ಮಾಡಬಾರದು.

ಇಂಥ ಆಪತ್ತು ಬಂದಾಗಲೆಲ್ಲಾ ಬೆಟ್ಟದ ಮಣ್ಣಿಗಿಂತ ಬೇಗನೆ ಮನುಷ್ಯರ ನಾಲಿಗೆ ಜಾರುತ್ತದೆ. ನಮ್ಮವರ ಮನೆ ಬಿದ್ದರೆ ಊರವರು, ಹಿರಿಯರ ದೈವವನ್ನು ಬಿಟ್ಟದ್ದಕ್ಕೆ ಹೀಗಾಯಿತೆನ್ನುವರು. ಊರವರ ಮನೆ ಬಿದ್ದರೆ ನಮ್ಮಲ್ಲಿ ಕೆಲವರು, ವಿಗ್ರಹಗಳನ್ನು ಪೂಜಿಸಿದ್ದಕ್ಕೆ ಹೀಗಾಯಿತೆನ್ನುವರು. 2020ನೆಯ ಇಸವಿಯ ಆಗಸ್ಟಿನಲ್ಲಿ ತಲಕಾವೇರಿಯ ಬೆಟ್ಟವು ಜರಿದು ಅಲ್ಲಿಯ ಅರ್ಚಕರ ಮನೆಯು ಮನೆಯವರೊಂದಿಗೆ ಮಣ್ಣಿನ ಕೆಳಗಾದಾಗ ಇಂಥ ಮಾತನ್ನು ಸಭೆಯವರ ಬಾಯಿಂದಲೇ ನಾನು ಕೇಳಿದ್ದೇನೆ; ಕೇಳಿ ನಾಚಿಕೊಂಡೆನು. ಬೇರೆಯವರ ದುಃಖದ ಮೇಲೆ ನಿಂತು ನಮ್ಮ ದೇವರನ್ನು ದೊಡ್ಡವನನ್ನಾಗಿ ಮಾಡಲು ಹೋಗುವದು ಕ್ರಿಸ್ತನ ಆತ್ಮವಲ್ಲ.

ಕರ್ತನು ಏನು ಹೇಳಿದನೆಂದು ನೋಡಿರಿ. ಪಿಲಾತನು ಕೊಲ್ಲಿಸಿದ ಗಲಿಲಾಯದವರ ಸುದ್ದಿಯನ್ನು ಜನರು ಆತನಿಗೆ ತಂದರು. ಆತನು ಅದರೊಂದಿಗೆ ಸಿಲೋವಾಮಿನ ಬುರುಜು ಬಿದ್ದು ಸತ್ತ ಹದಿನೆಂಟು ಮಂದಿಯನ್ನೂ ನೆನಪಿಗೆ ತಂದು, ಇವರು ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿದ್ದರೆಂದು ನೆನಸುತ್ತೀರೋ ಎಂದು ಕೇಳಿ, ಅಲ್ಲವೆಂದು ತಾನೇ ಸ್ಪಷ್ಟವಾಗಿ ಉತ್ತರಿಸಿದನು. ಆಮೇಲೆ ಬದುಕಿ ಉಳಿದವರ ಕಡೆಗೆ ತಿರುಗಿ, ನೀವು ಮಾನಸಾಂತರಪಡಬೇಕೆಂದನು. ಸತ್ತವರ ಲೆಕ್ಕವು ದೇವರ ಕೈಯಲ್ಲಿದೆ. ಉಳಿದವರ ಲೆಕ್ಕವು ಇನ್ನೂ ತೆರೆದೇ ಇದೆ. ವಯನಾಡಿನಲ್ಲಿ ಗುರುತು ಸಿಕ್ಕದ ಶರೀರಗಳನ್ನು ಪುತ್ತುಮಲೆಯಲ್ಲಿ ಹೂಣಿಟ್ಟಾಗ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಒಂದೇ ನೆಲದ ಮುಂದೆ ನಿಂತು ತಮ್ಮ ತಮ್ಮ ಪ್ರಾರ್ಥನೆಗಳನ್ನು ಮಾಡಿದರು. ಯಾವ ಗುಂಡಿಯಲ್ಲಿ ಯಾರಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ. ಆ ಪುತ್ತುಮಲೆಯಲ್ಲಿಯೂ 2019ನೆಯ ಇಸವಿಯ ಆಗಸ್ಟ್ 8ರಂದು ಗುಡ್ಡ ಜರಿದು ಜನರು ಸತ್ತಿದ್ದರು. ಅಂಥ ನೆಲದ ಮೇಲೆ ನಿಂತು ಇವನು ಪಾಪಿ, ಅವನು ನೀತಿವಂತನೆಂದು ಹೇಳುವ ಬಾಯಿ ಯಾವುದು?

ಆದರೆ ಪಾಪದ ಮಾತು ಇಲ್ಲಿ ಇಲ್ಲವೇ ಇಲ್ಲವೆಂದು ನಾನು ಹೇಳುವುದಿಲ್ಲ. ದೇವರು ಆದಾಮನನ್ನು ತೋಟದಲ್ಲಿ ಇಟ್ಟದ್ದು ಅದನ್ನು ವ್ಯವಸಾಯ ಮಾಡುವದಕ್ಕೂ ಕಾಯುವದಕ್ಕೂ ಎಂದು ಆದಿಕಾಂಡದಲ್ಲಿ ಓದುತ್ತೇವೆ. ಬೇರುಗಳಿಂದ ಮಣ್ಣನ್ನು ಹಿಡಿದಿದ್ದ ಮರಗಳನ್ನು ಕಡಿದು, ಗುಡ್ಡದ ಬುಡವನ್ನು ನೆಟ್ಟಗೆ ಕೊರೆದು, ನೀರು ಹರಿಯುವ ದಾರಿಯನ್ನು ಮುಚ್ಚಿದರೆ, ಕಾಯುವ ಕೆಲಸವನ್ನು ನಾವು ಬಿಟ್ಟೆವೆಂದೇ ಅರ್ಥ. 2024ನೆಯ ಇಸವಿಯ ಜುಲೈ 16ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡವು ಜರಿದಾಗ, ದಾರಿಯಲ್ಲಿದ್ದವರು ಸತ್ತದ್ದು ಮಾತ್ರವಲ್ಲ. ಆ ಮಣ್ಣು ಗಂಗಾವಳಿ ಹೊಳೆಗೆ ಬಿದ್ದ ರಭಸಕ್ಕೆ ನೀರು ಎದ್ದು, ಆಚೆಯ ದಡದ ಉಳುವರೆಯ ಮನೆಗಳಿಗೆ ಬಡಿಯಿತು. ಈ ದಡದ ಗುಡ್ಡವು ಜಾರಿದರೆ ಆ ದಡದವರು ಅಳಬೇಕಾಯಿತು. ಅನೇಕ ವೇಳೆ ಲಾಭ ಹೊಂದಿದವನು ಒಬ್ಬನು, ಮಣ್ಣಿನ ಕೆಳಗಾಗುವವನು ಮತ್ತೊಬ್ಬನು. ಲೈನ್‌ಮನೆಯ ಕೂಲಿಯವನು ತನ್ನ ಮನೆಯ ಸ್ಥಳವನ್ನು ತಾನೇ ಆರಿಸಿಕೊಳ್ಳುವುದಿಲ್ಲ. ಆದ್ದರಿಂದ ಭೂಮಿಯುಳ್ಳವರೇ, ನೀವು ಸಭೆಯ ಹಿರಿಯರಾಗಿದ್ದರೂ ಸರಿಯೇ, ನಿಮ್ಮ ಕೆಲಸದವರ ಮನೆಯು ಎಂಥ ಸ್ಥಳದಲ್ಲಿದೆಯೆಂದು ಹೋಗಿ ನೋಡಿರಿ. ಅವರ ಪ್ರಾಣದ ವಿಷಯದಲ್ಲಿ ಕರ್ತನು ನಿಮ್ಮನ್ನು ಕೇಳುವನು.

ಮೂರನೆಯದು: ನಂಬಿಕೆಯು ಕೈಕಾಲುಗಳಲ್ಲಿ ತೋರಬೇಕು.

ಅಜ್ಜಿಯ ಮನೆಗೆ ಬಂದ ಆ ಇಬ್ಬರು ಹುಡುಗರು ಪ್ರಸಂಗವನ್ನು ಕೇಳಿದವರಲ್ಲ. ಆದರೆ ಒಳ್ಳೆಯ ಸಮಾರ್ಯದವನಂತೆ ನೆರೆಯವರಾದರು. ವಯನಾಡಿನಲ್ಲಿ ಸೇತುವೆಯು ಕೊಚ್ಚಿಹೋಗಿ ಆಚೆಯವರಿಗೆ ದಾರಿಯಿಲ್ಲದಾದಾಗ, ಬೆಂಗಳೂರಿನಲ್ಲಿ ನೆಲೆಯುಳ್ಳ ಮದ್ರಾಸ್ ಎಂಜಿನಿಯರ್ ಗ್ರೂಪಿನ ಸೈನಿಕರು ಹಗಲಿರುಳು ದುಡಿದು, 2024ನೆಯ ಇಸವಿಯ ಆಗಸ್ಟ್ 1ರಂದು 190 ಅಡಿಯ ಕಬ್ಬಿಣದ ಸೇತುವೆಯನ್ನು ಮುಗಿಸಿದರು. ಇಂಥ ಕೆಲಸದಲ್ಲಿ ಕ್ರಿಸ್ತನ ಸಭೆಯು ಹಿಂದೆ ಬೀಳಬಾರದು. ಆದ್ದರಿಂದ ಕೆಲವು ಮಾತುಗಳನ್ನು ಚೆನ್ನಾಗಿ ನೆನಪಿನಲ್ಲಿಟ್ಟುಕೊಳ್ಳಿರಿ.

ಮನೆಯ ಹಿಂದಿನ ನೆಲದಲ್ಲಿ ಹೊಸ ಬಿರುಕು ಕಂಡರೆ, ಗೋಡೆ ಬಿರಿದು ಬಾಗಿಲು ಹಿಡಿದುಕೊಂಡರೆ, ನೆಟ್ಟಗಿದ್ದ ಮರವು ವಾಲಿದರೆ, ಇಲ್ಲದ ಕಡೆಯಲ್ಲಿ ನೀರಿನ ಒರತೆ ಎದ್ದರೆ, ತಿಳಿಯಾಗಿದ್ದ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ತಡಮಾಡಬೇಡಿರಿ. ಮಳೆ ಸುರಿಯುತ್ತಿರುವಾಗಲೇ ತೋಡಿನ ನೀರು ಹಠಾತ್ತಾಗಿ ಇಳಿದರೆ ಸಂತೋಷಪಡಬೇಡಿರಿ. ಮೇಲೆ ಎಲ್ಲಿಯೋ ಮಣ್ಣು ಬಿದ್ದು ನೀರು ಕಟ್ಟಿಕೊಂಡಿದೆಯೆಂದು ತಿಳಿಯಿರಿ. ಹೊರಡುವಾಗ ಹೊಳೆಯ ಜಾಡಿನಲ್ಲಿ ಕೆಳಕ್ಕೆ ಓಡದೆ, ಜರಿಯುವ ದಾರಿಯಿಂದ ಪಕ್ಕಕ್ಕೆ ಸರಿದು ಎತ್ತರವಾದ ಗಟ್ಟಿ ನೆಲಕ್ಕೆ ಹೋಗಿರಿ. ತುಂಬಿ ಹರಿಯುವ ತೋಡನ್ನು ದಾಟುವ ಸಾಹಸವು ಬೇಡ. ರಾತ್ರಿಯ ಅಪಾಯವು ಹೆಚ್ಚು, ಯಾಕಂದರೆ ನಿದ್ರೆಯಲ್ಲಿರುವವನು ಗುರುತುಗಳನ್ನು ಕಾಣಲಾರನು. ಆದ್ದರಿಂದ ಕತ್ತಲಾಗುವ ಮುಂಚೆಯೇ ಹೊರಡಿರಿ. ಸಭೆಯ ಹಿರಿಯರು ಮಳೆಗಾಲದ ಮುಂಚೆಯೇ ಕೂತು, ಯಾರ ಮನೆಯಲ್ಲಿ ವೃದ್ಧರು, ರೋಗಿಗಳು, ಬಸುರಿಯರು, ಎಳೆಕೂಸುಗಳು ಇದ್ದಾರೆಂದು ಬರೆದಿಟ್ಟು, ಅವರನ್ನು ಕರತರುವವರು ಯಾರೆಂದು ನೇಮಿಸಲಿ. ಆ ಪಟ್ಟಿಯಲ್ಲಿ ಸಭೆಗೆ ಸೇರದ ನೆರೆಯವರ ಹೆಸರುಗಳೂ ಇರಲಿ. ನಮ್ಮ ಪ್ರಾರ್ಥನಾಲಯವು ಗಟ್ಟಿ ನೆಲದ ಮೇಲಿದ್ದರೆ ಅದರ ಬಾಗಿಲು ಅಂಥ ರಾತ್ರಿಗಳಲ್ಲಿ ಎಲ್ಲರಿಗೂ ತೆರೆದಿರಲಿ.

ಹೀಗೆಲ್ಲಾ ಮಾಡಿದರೂ ಕೆಲವು ಮನೆಗಳು ಬೀಳುವವು. ಕೆಲವು ಪ್ರಾಣಗಳು ಹೋಗುವವು. ಆಗ ನಮಗೆ ಉಳಿಯುವ ಆದರಣೆ ಯಾವುದು? ನಲವತ್ತಾರನೆಯ ಕೀರ್ತನೆಯನ್ನು ಹಾಡಿದವರು, ಬೆಟ್ಟಗಳು ಕದಲುವದೇ ಇಲ್ಲವೆಂದು ಹಾಡಲಿಲ್ಲ. ಕದಲಿದರೂ ದೇವರು ತಮಗೆ ಆಶ್ರಯವೆಂದು ಹಾಡಿದರು. ಪ್ರವಾದಿಯಾದ ಯೆಶಾಯನ ನಲವತ್ತಮೂರನೆಯ ಅಧ್ಯಾಯದಲ್ಲಿ ದೇವರು ತನ್ನ ಜನರಿಗೆ, ನೀವು ನೀರನ್ನು ದಾಟಬೇಕಾಗುವುದಿಲ್ಲವೆಂದು ವಾಗ್ದಾನ ಮಾಡದೆ, ದಾಟುವಾಗ ತಾನು ಸಂಗಡ ಇರುವೆನೆಂದು ವಾಗ್ದಾನ ಮಾಡಿದನು. ಎಲೀಯನು ಹೋರೇಬಿನಲ್ಲಿ ನಿಂತಾಗ ಬೆಟ್ಟಗಳನ್ನು ಸೀಳುವ ಗಾಳಿಯೂ ಭೂಕಂಪವೂ ಬೆಂಕಿಯೂ ಹಾದುಹೋದವು. ಆದರೆ ಕರ್ತನು ಅವುಗಳಲ್ಲಿ ಇರಲಿಲ್ಲ. ಅವೆಲ್ಲಾ ಹೋದ ಮೇಲೆ ಒಂದು ಮೆಲ್ಲನೆಯ ಶಬ್ದವು ಕೇಳಿಸಿತು. ಪ್ರವಾದಿಯು ಮುಖ ಮುಚ್ಚಿಕೊಂಡು ಗವಿಯ ಬಾಗಿಲಿಗೆ ಬಂದನು. ಆ ಶಬ್ದವು ಎಲೀಯನನ್ನು ಅಲ್ಲಿಯೇ ಕೂತಿರಗೊಡಲಿಲ್ಲ. ಎದ್ದು ಹೋಗಿ ಮಾಡಬೇಕಾದ ಕೆಲಸವನ್ನು ಅವನಿಗೆ ಕೊಟ್ಟಿತು.

ಆ ಅಜ್ಜಿಯು ಈಗ ಕರ್ತನಲ್ಲಿ ನಿದ್ರೆಹೋಗಿದ್ದಾಳೆ. ಆಕೆ ತನ್ನ ಕಡೆಯ ವರ್ಷಗಳನ್ನು ಹೊಸ ಸ್ಥಳದಲ್ಲಿ ಕಟ್ಟಿದ ಒಂದು ಸಣ್ಣ ಮನೆಯಲ್ಲಿ ಕಳೆದಳು. ಅದರ ಅಸ್ತಿವಾರಕ್ಕೆ ಕಲ್ಲು ಹೊತ್ತವರಲ್ಲಿ ನಾನೂ ಒಬ್ಬನು. ಆ ಇಬ್ಬರು ಹುಡುಗರೂ ಹೊತ್ತರು. ಕಟ್ಟುವಾಗ ಆಕೆ ದಿನಾಲು ಬಂದು ನಿಂತು, "ಇನ್ನೂ ಸ್ವಲ್ಪ ಆಳ ಅಗೆಯಿರಿ ಮಕ್ಕಳೇ" ಎನ್ನುತ್ತಿದ್ದಳು. ಕರ್ತನ ಸಾಮ್ಯಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಸೆಮಿನರಿಯಲ್ಲಿಯೂ ಕೇಳಲಿಲ್ಲ. ಪ್ರಿಯರೇ, ಕೇಳುವವರಾಗಿ ಮಾತ್ರ ಇರದೆ ನಡೆಯುವವರಾಗಿರಿ.

ಪ್ರಾರ್ಥನೆ ಮಾಡೋಣ. ಪರಲೋಕದ ತಂದೆಯೇ, ಮಳೆಯನ್ನು ಕೊಡುವಾತನೂ ಹೊಳೆಗಳಿಗೆ ಮೇರೆಯನ್ನು ಇಡುವಾತನೂ ನೀನೇ. ಬೆಟ್ಟದ ಕೆಳಗೆ ಮಲಗುವ ನಿನ್ನ ಮಕ್ಕಳನ್ನು ಈ ಮಳೆಗಾಲದಲ್ಲಿ ನೆನಪುಮಾಡಿಕೋ. ಮನೆಯನ್ನೂ ಬಂಧುಗಳನ್ನೂ ಕಳಕೊಂಡವರನ್ನು, ಅವರು ಯಾವ ಹೆಸರಿನಿಂದ ನಿನ್ನನ್ನು ಕೂಗಿದರೂ, ಆದರಿಸು. ಮೂಢ ಧೈರ್ಯದಿಂದಲೂ ಕಠಿಣವಾದ ನಾಲಿಗೆಯಿಂದಲೂ ನಮ್ಮನ್ನು ತಪ್ಪಿಸು. ನೆರೆಯವನ ಕೂಗನ್ನು ಕೇಳುವ ಕಿವಿಯನ್ನೂ ಕತ್ತಲೆಯಲ್ಲಿ ಎದ್ದುಹೋಗುವ ಕಾಲುಗಳನ್ನೂ ನಮಗೆ ದಯಪಾಲಿಸು. ಕದಲದ ಬಂಡೆಯಾಗಿರುವ ನಿನ್ನ ಮಗನಾದ ಯೇಸು ಕ್ರಿಸ್ತನ ಮೂಲಕ ಬೇಡುತ್ತೇವೆ. ಆಮೆನ್.